ಟಾಸ್ಕಾ ಹೊಳೆಯ ಉಡಿ

ಸುವಾನಿ, ಜಾರ್ಜಿಯಾ
12 ಆಗಸ್ಟ್ 1997

ಶ್ರೀಮತಿ ಊರ್ಮಿಳಾ ಗೋಪಿನಾಥ ಅವರಿಗೆ,

ರೇಣುಕಾದೇವಿಯ ನಮಸ್ಕಾರ. ನನ್ನ ಅಕ್ಷರ ನಿಮಗೆ ಹೊಸದು, ಹೆಸರು ಕೇಳಿರಬಹುದು. ನಾನು ರವಿಕಿರಣನ ತಾಯಿ. ಹೋದ ವರ್ಷ ನನ್ನ ಮಗನೂ ನಿಮ್ಮ ಮಗಳೂ ಶಾರ್ಲಟ್‌ನ ಕೋರ್ಟಿನಲ್ಲಿ ರುಜು ಹಾಕಿ ಮದುವೆಯಾದರು. ಆದ ಮೇಲೆ ನನಗೆ ಫೋನು ಬಂತು. ಮೊದಲು ನನ್ನನ್ನು ಯಾರೂ ಕೇಳಲಿಲ್ಲ. ಆ ಮಾತೆತ್ತಲು ಈ ಪತ್ರ ಬರೆಯುತ್ತಿಲ್ಲ.

ವಿಷಯ ಅಣೆಕಟ್ಟಿನದು. ದಕ್ಷಿಣ ಕೆರೊಲಿನಾದಲ್ಲಿ ಟಾಸ್ಕಾ ಎಂಬ ಹೊಳೆಗೆ ಕಟ್ಟಿರುವ ಅಣೆಕಟ್ಟಿನ ಬಾಗಿಲುಗಳ ಕೆಲಸವನ್ನು ರವಿ ನಾಲ್ಕು ವರ್ಷದಿಂದ ನೋಡಿಕೊಂಡಿದ್ದಾನೆ. ಅಕ್ಟೋಬರ್ ಹದಿನೆಂಟಕ್ಕೆ, ಶನಿವಾರ, ಅದರ ಲೋಕಾರ್ಪಣೆ. ಎಂಜಿನಿಯರರ ಮನೆಯವರಿಗೆ ಕುರ್ಚಿ ಇಟ್ಟಿರುತ್ತಾರಂತೆ. ನನಗೆ ಕಾರ್ಡು ಬಂದಿದೆ, ನಿಮಗೂ ಬಂದಿದೆಯೆಂದು ರವಿ ಹೇಳಿದ.

ಈ ದೇಶದಲ್ಲಿ ಅಣೆಕಟ್ಟನ್ನು ಹೇಗೆ ಲೋಕಾರ್ಪಣೆ ಮಾಡುತ್ತಾರೆ? ಕಾಯಿ ಒಡೆಯುವವರು ಯಾರು? ಮೊದಲು ನೀರು ಮುಟ್ಟುವವರು ಯಾರು? ಟಾಸ್ಕಾ ಗಂಡು ಹೊಳೆಯೋ ಹೆಣ್ಣು ಹೊಳೆಯೋ? ಮುಳುಗಿದ ಊರಿನವರನ್ನು ಕರೆದು ಮುಂದೆ ಕೂರಿಸುತ್ತಾರೋ, ಹಿಂದೆ ನಿಲ್ಲಿಸುತ್ತಾರೋ? ಇಲ್ಲಿ ಮಗಳು ಸ್ಮಿತಾಳನ್ನು ಕೇಳಿದೆ. ಅವಳು ಆಸ್ಪತ್ರೆಗೆ ಹೊರಟು ನಿಂತಿದ್ದಳು. “ಅವ್ವಾ, ಅದು ಕಾಂಕ್ರೀಟ್ ಐತಿ. ರಿಬ್ಬನ್ ಕಟ್ ಮಾಡ್ತಾರ, ಎಲ್ಲಾರೂ ಚಪ್ಪಾಳಿ ಹೊಡೀತಾರ, ಮನೀಗೆ ಬರ್ತಾರ” ಎಂದಳು. ನಾನು ಕಾಂಕ್ರೀಟಿನ ಬಗ್ಗೆ ಕೇಳಿರಲಿಲ್ಲ, ನೀರಿನ ಬಗ್ಗೆ ಕೇಳಿದ್ದೆ.

ನೀವು ಕಾವೇರಿ ಸೀಮೆಯವರು. ಹೊಳೆ ತುಂಬಿದಾಗ ನಿಮ್ಮ ಕಡೆ ಏನು ಮಾಡುತ್ತಾರೆ? ನಮ್ಮ ಘಟಪ್ರಭೆಯ ದಂಡೆಯ ಪದ್ಧತಿ ನನಗೆ ಗೊತ್ತಿದೆ, ನಿಮ್ಮದನ್ನು ತಿಳಿಯಬೇಕು. ನಿಮ್ಮ ಯಜಮಾನರು ಈ ದೇಶದಲ್ಲಿ ಹದಿನೈದು ವರ್ಷದಿಂದ ಇರುವವರು. ಅಣೆಕಟ್ಟಿನ ಕಚೇರಿಯಲ್ಲಿ ವಿಚಾರಿಸಿ ಬರೆಯಿಸಿದರೆ ಉಪಕಾರ.

ರೇಣುಕಾದೇವಿ


ಆಲ್ಡಿ, ವರ್ಜೀನಿಯಾ
24 ಆಗಸ್ಟ್ 1997

ಮಾನ್ಯ ರೇಣುಕಾದೇವಿಯವರಿಗೆ,

ನಿಮ್ಮ ಪತ್ರ ಬಂತು. ಲಕೋಟೆ ಒಡೆಯದೆ ಅರ್ಧ ದಿನ ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ಬೈಗುಳ ಇರಬಹುದು ಅಂದುಕೊಂಡೆ. ಒಳಗೆ ನೋಡಿದರೆ ಬರೀ ಹೊಳೆ! ನಮ್ಮ ಯಜಮಾನರು ಓದಿ, “ಇವರು ಎಂಜಿನಿಯರ್ ಆಗ್ಬೇಕಿತ್ತು ಕಣೇ, ಮಗನಿಗಿಂತ ಜಾಸ್ತಿ ಕ್ವೆಶ್ಚನ್ ಕೇಳಿದಾರೆ” ಅಂದರು.

ನಮ್ಮ ಕಡೆ ಹೊಳೆ ತುಂಬಿದಾಗ ಬಾಗಿನ ಬಿಡುತ್ತೇವೆ. ಹೊಸ ಮೊರಕ್ಕೆ ಅರಿಸಿನ ಬಳಿದು, ಧಾನ್ಯ, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ನೀರಿಗೆ ಬಿಡುವುದು. ಹೊಳೆಗೆ ಎಂದರೆ ನಮ್ಮಲ್ಲಿ ಮೊರದ ಬಾಗಿನ ಒಂದೇ. ಬೇರೆ ಯಾವುದನ್ನೂ ನಾನು ನೋಡಿಲ್ಲ.

ನಮ್ಮವರು ಕಚೇರಿಗೆ ಫೋನ್ ಮಾಡಿದರು. ನಾನು ಅಡುಗೆಮನೆಯ ಫೋನಿನಲ್ಲಿ ಕೇಳಿಸಿಕೊಂಡೆ. ಆ ಹೆಂಗಸು ಪಾಪ ಒಳ್ಳೆಯವಳು. ಬುಟ್ಟಿಯೊಳಗೆ ಏನಿರುತ್ತದೆ ಅಂದಳು. ಇವರು ಅಕ್ಕಿ, ಬೇಳೆ, ಬಳೆ, ಬಾಚಣಿಗೆ ಅಂದರು. “ಯಾರದಾದರೂ ಬೂದಿಯೇ?” ಅಂದಳು. “ಇಲ್ಲಮ್ಮ, ಉಡುಗೊರೆ.” “ಯಾರಿಗೆ?” “ನದಿಗೆ.” ಆಮೇಲೆ ಬಹಳ ಮೆತ್ತಗೆ, ಆ ನೀರಿಗೆ ಏನನ್ನೂ ಹಾಕುವಂತಿಲ್ಲ, ಹೂವನ್ನೂ ಹಾಕುವಂತಿಲ್ಲ ಅಂದಳು. ಹಾಗಾಗಿ ಹೊಳೆಯ ಬಾಗಿನದ ಆಸೆ ಬಿಡಬೇಕು. ಮನಸ್ಸಿನಲ್ಲೇ ಕೈ ಮುಗಿಯೋಣ.

ಉಳಿದ ಪ್ರಶ್ನೆಗಳಿಗೆ ಅವಳು ಹೇಳಿದ್ದು: ಕಾಯಿ ಇಲ್ಲ, ಒಬ್ಬ ಪಾದ್ರಿ ಪ್ರಾರ್ಥನೆ ಮಾಡುತ್ತಾರೆ. ಹೈಸ್ಕೂಲಿನ ಬ್ಯಾಂಡ್ ಇರುತ್ತದೆ. ಕೊನೆಗೆ ಗುಂಡಿ ಒತ್ತಿ ಒಂದು ಬಾಗಿಲು ತೆರೆಯುತ್ತಾರೆ. ಮುಳುಗಿದ ಜಾಗದಲ್ಲಿ ಒಂದು ಚರ್ಚು, ಒಂದು ಸ್ಮಶಾನ ಇತ್ತಂತೆ. ಸಮಾಧಿಗಳನ್ನು ಅಗೆದು ಮೇಲಿನ ಗುಡ್ಡಕ್ಕೆ ಸಾಗಿಸಿದ್ದಾರೆ. ಹೊಳೆ ಗಂಡೋ ಹೆಣ್ಣೋ ಎಂದು ಕೇಳಲು ಇವರಿಗೆ ನಾಚಿಕೆಯಾಯಿತಂತೆ.

ನಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ. ಮಗಳು ಶ್ರಾವಣಿ ಮೊನ್ನೆ ಬಂದಿದ್ದಳು. ಇನ್ನೇನು ಬರೆಯಬೇಕೋ ತಿಳಿಯುತ್ತಿಲ್ಲ. ನೀವು ಏನಾದರೂ ಕೇಳಿದರೆ ಬರೆಯುತ್ತೇನೆ.

ನಿಮ್ಮ
ಊರ್ಮಿಳಾ


ಸುವಾನಿ
9 ಸೆಪ್ಟೆಂಬರ್ 1997

ಶ್ರೀಮತಿ ಊರ್ಮಿಳಾ ಅವರಿಗೆ,

ಪತ್ರ ತಲುಪಿತು. ನಿಮ್ಮ ಯಜಮಾನರಿಗೆ ನನ್ನ ವಂದನೆ ತಿಳಿಸಿ.

ಸತ್ತವರನ್ನೂ ಎಬ್ಬಿಸಿ ಬೇರೆ ಕಡೆ ಮಲಗಿಸಿದರು ಎಂಬುದನ್ನು ಓದಿ ಎರಡು ದಿನ ಅದೇ ಯೋಚನೆ ಮಾಡಿದೆ. ಹೊಸ ಗುಂಡಿಯಲ್ಲಿ ಯಾರ ಪಕ್ಕ ಯಾರಿರಬೇಕು ಎಂದು ಹೇಳಿದವರು ಯಾರು? ಗಂಡ ಹೆಂಡತಿ ಮೊದಲಿನಂತೆ ಪಕ್ಕಪಕ್ಕ ಇದ್ದಾರೆಯೇ? ಚರ್ಚಿನ ಗಂಟೆಯನ್ನು ಒಯ್ದರೋ ಅಲ್ಲೇ ಬಿಟ್ಟರೋ? ಪಾದ್ರಿ ಆ ಮುಳುಗಿದ ಚರ್ಚಿನವರೋ ಬೇರೆಯವರೋ? ಅನುಕೂಲವಾದಾಗ ವಿಚಾರಿಸಿ.

ನೀರಿಗೆ ಏನು ಹಾಕಬೇಕು, ಏನು ಹಾಕಬಾರದು ಎಂಬ ಮಾತನ್ನು ಇನ್ನು ಪತ್ರದಲ್ಲಿ ಎತ್ತುವುದು ಬೇಡ. ರವಿ ಕೆಲಸ ಮಾಡುವ ಜಾಗ. ಬರೆದದ್ದು ಉಳಿಯುತ್ತದೆ.

ನಾಳೆ ನಿಮ್ಮ ವಿಳಾಸಕ್ಕೆ ಒಂದು ಪಾರ್ಸೆಲ್ ಹಾಕಿಸುತ್ತೇನೆ. ಗುಳೇದಗುಡ್ಡದ ಹಸಿರು ಖಣ, ಅಕ್ಕಿ, ಒಣಕೊಬ್ಬರಿಯ ಬಟ್ಟಲು, ಉತ್ತುತ್ತಿ, ಅರಿಸಿನದ ಕೊಂಬು, ಬಳೆ. ಕಾಯಿಯನ್ನು ಅಲ್ಲೇ ಕೊಂಡುಕೊಳ್ಳಿ. ಉಡಿ ತುಂಬಬೇಕು. ನಾನು ಮುತ್ತೈದೆಯಲ್ಲ, ನನ್ನ ಕೈಯಿಂದ ಆಗುವ ಕೆಲಸವಲ್ಲ. ಸ್ಮಿತಾಳನ್ನು ಕೇಳಿದೆ. “ಆಸ್ಪತ್ರಿಯೊಳಗ ಎಲ್ಲಾರಿಗೂ ನನ್ನ ಗುರ್ತು ಐತಿ, ಟೀವ್ಯಾಗ ಬಂದ್ರ ಏನ್ ಹೇಳ್ಲಿ?” ಎಂದಳು. ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಯಾರನ್ನಾದರೂ ಏನನ್ನಾದರೂ ಕೇಳುವ ಅಭ್ಯಾಸ ನನಗಿಲ್ಲ. ಯಾರ ಉಡಿ ಎಂದು ನಿಮ್ಮಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರವಿಯ ಕಿವಿಗೆ ಬೀಳಬಾರದು.

ರೇಣುಕಾದೇವಿ


ಆಲ್ಡಿ
22 ಸೆಪ್ಟೆಂಬರ್ 1997

ಪ್ರಿಯ ರೇಣುಕಾದೇವಿಯವರೇ,

ಪಾರ್ಸೆಲ್ ಬಂತು. ತೆರೆದು ನೋಡಿ ಅಲ್ಲೇ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಖಣದ ವಾಸನೆಗೆ ಇಡೀ ಮನೆ ಹಬ್ಬದ ಮನೆಯಂತಾಯಿತು. ಹೊಳೆಯ ಮಾತು ಬದಿಗಿಟ್ಟು ನೀವು ಈ ಮಾತಿಗೆ ಬಂದಿರಲ್ಲ, ಅದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು ಎಂದು ನನಗೆ ಗೊತ್ತು. ನಿಮಗೆ ಹೇಗೆ ತಿಳಿಯಿತು ಎಂದು ಕೇಳುವುದಿಲ್ಲ. ತಾಯಂದಿರಿಗೆ ತಿಳಿಯುತ್ತದೆ.

ಬರೆದು ಚರ್ಚಿಸುವುದು ಬೇಡ ಎಂದಿದ್ದೀರಿ, ಆಗಲಿ. ನಿಶ್ಚಿಂತೆಯಿಂದಿರಿ, ಕ್ರಮವಾಗಿ ಮಾಡುತ್ತೇನೆ. ರವಿಗೂ ಹೇಳುವುದಿಲ್ಲ.

ಗಂಟೆಯ ವಿಷಯ: ಅದನ್ನು ಒಯ್ದಿದ್ದಾರಂತೆ, ಈಗ ಗುಡ್ಡದ ಮೇಲಿನ ಹೊಸ ಚರ್ಚಿನಲ್ಲಿದೆ. ಕಚೇರಿಯ ಹೆಂಗಸು ಈಗ ನಮ್ಮವರ ದನಿ ಕೇಳಿದರೆ, “ನದಿಯವರಾ?” ಅನ್ನುತ್ತಾಳಂತೆ.

ನಿಮ್ಮ
ಊರ್ಮಿಳಾ


ಆಲ್ಡಿ
13 ಅಕ್ಟೋಬರ್ 1997

ರೇಣುಕಾದೇವಿಯವರೇ,

ಬಹಳ ಬೇಸರದ ಸುದ್ದಿ. ಸೂರಿನ ಅಂಚಿನಲ್ಲಿ ಎಲೆ ತುಂಬಿದ ಮಳೆನೀರಿನ ದೋಣಿ ಸ್ವಚ್ಛ ಮಾಡಲು ಏಣಿ ಹತ್ತಿ ನಮ್ಮವರು ಮಂಡಿ ಮುರಿದುಕೊಂಡಿದ್ದಾರೆ. “ನೀನು ಹೋಗು, ನಾನು ಟೀವಿ ನೋಡ್ಕೊಂಡಿರ್ತೀನಿ” ಅನ್ನುತ್ತಾರೆ, ಆದರೆ ಬಾತ್‌ರೂಮಿಗೂ ಕೈ ಹಿಡಿದು ಕರೆದೊಯ್ಯಬೇಕು. ನಾವು ಬರಲಾರೆವು.

ನೀವು ಕಳಿಸಿದ್ದರ ಚಿಂತೆ ಬೇಡ. ಅದು ಶ್ರಾವಣಿಯ ಹತ್ತಿರ ಇದೆ. ಆ ದಿನ ಅದರೊಂದಿಗೇ ಬರುತ್ತಾಳೆ, ಕಣ್ಣಾರೆ ನೋಡಿ. ಅವಳೊಡನೆ ನಾಲ್ಕು ಮಾತಾಡಿ. ಮಗು ತುಂಬಾ ಹೆದರಿದ್ದಾಳೆ.

ಊರ್ಮಿಳಾ


ಸುವಾನಿ
21 ಅಕ್ಟೋಬರ್ 1997

ಶ್ರೀಮತಿ ಊರ್ಮಿಳಾ ಅವರಿಗೆ,

ನಿಮ್ಮ ಯಜಮಾನರ ಮಂಡಿ ಬೇಗ ವಾಸಿಯಾಗಲಿ. ಇದನ್ನು ಮೊದಲು ಬರೆದುಬಿಡುತ್ತೇನೆ, ಮುಂದಿನ ಸಾಲುಗಳಲ್ಲಿ ನನಗೆ ನೆನಪಿರಲಿಕ್ಕಿಲ್ಲ.

ಶನಿವಾರ ಬೆಳಿಗ್ಗೆ ಸ್ಮಿತಾ ಕಾರಿನಲ್ಲಿ ಕರೆದೊಯ್ದಳು. ದೂರದಿಂದ ಅಣೆಕಟ್ಟು ಕಂಡಿತು. ನನ್ನ ಮಗ ಕಟ್ಟಿದ್ದು ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕೆನಿಸಿತು, ಹಾಗೆ ಹೇಳುವುದು ನನ್ನ ಸ್ವಭಾವವಲ್ಲ. ಈ ಕಡೆ ನೀರು ಮಲಗಿದ ಹಾಗಿತ್ತು. ಆ ಕಡೆ ಕೆಳಗೆ ಬರೀ ಬಂಡೆ, ನಡುವೆ ಒಂದು ಸಣ್ಣ ಹರಿವು. ಹುಲ್ಲಿನ ಮೇಲೆ ಬಿಳಿ ಡೇರೆ, ಮಡಚುವ ಕುರ್ಚಿಗಳು. ಬ್ಯಾಂಡಿನ ಹುಡುಗರು ತಮಗಿಂತ ದೊಡ್ಡ ಹಿತ್ತಾಳೆಯ ವಾದ್ಯ ಹೊತ್ತುಕೊಂಡು ಬೆವರುತ್ತಿದ್ದರು. ಒಂದು ಮೂಲೆಯಲ್ಲಿ ಹಂದಿಯ ಮಾಂಸ ಸುಡುತ್ತಿದ್ದರು. ಗಾಳಿ ನಮ್ಮ ಕಡೆಗೆ ಇರಲಿಲ್ಲ, ಅದು ದೇವರ ದಯೆ.

ರವಿ ಓಡಿ ಬಂದು ಕಾಲಿಗೆ ನಮಸ್ಕರಿಸಿದ. ಅವನ ಹಿಂದೆ ನಿಮ್ಮ ಮಗಳು. ಇಳಕಲ್ ಸೀರೆ, ಹಸಿರು ರವಿಕೆ. ಬಗ್ಗಿ ನಮಸ್ಕರಿಸಿ, “ನಮಸ್ಕಾರ ಆಂಟಿ” ಎಂದಳು. ಅಂಗಡಿಯಲ್ಲಿ ಸಿಕ್ಕವರನ್ನು ಕರೆಯುವ ಹಾಗೆ, ಆಂಟಿ. ಸ್ಮಿತಾ ರವಿಯನ್ನು ಕರೆದುಕೊಂಡು ನಿಂಬೆ ಪಾನಕ ತರಲು ಹೋದಳು. ಬೇಕೆಂದೇ ಹೋದಳು ಎಂದು ನನಗೆ ಗೊತ್ತು.

ನಾನು ಅತ್ತಿತ್ತ ನೋಡಿ ಕೇಳಿದೆ: “ನಿಮ್ಮವ್ವ ಕೊಟ್ಟಿದ್ದು ಎಲ್ಲೈತಿ?”

“ಯಾವ್ದು ಆಂಟಿ?”

“ನಾ ಕಳಿಸಿದ್ದು. ಖಣ.”

ಆಕೆ ಸೆರಗು ಸರಿಸಿ ತೋಳು ತೋರಿಸಿದಳು. “ಇದೇ ಅಲ್ವಾ? ಹೊಲಿಸ್ಕೊಂಡೆ. ಅಮ್ಮ ಹೇಳಿದ್ರು, ನೀವು ನೋಡ್ಬೇಕು ಅಂತ. ಚೆನ್ನಾಗಿದ್ಯಾ?”

ನನ್ನ ತಂಗಿ ಊರಿನಿಂದ ಕಳಿಸಿದ್ದ ಖಣ, ಹೊಳೆಗೆಂದು ಪೆಟ್ಟಿಗೆಯಲ್ಲಿ ಎತ್ತಿಟ್ಟದ್ದು. ನಮ್ಮ ಕಡೆ ಅಣೆಕಟ್ಟು ಲೋಕಾರ್ಪಣೆಯಾದ ದಿನ ಮಂತ್ರಿಗಳು ಬರುವ ಮೊದಲೇ ಮುತ್ತೈದೆಯರು ನೀರಿಗಿಳಿದು ಹೊಳೆವ್ವನ ಉಡಿ ತುಂಬಿದ್ದರು. ಹಾಗೆ ಇಲ್ಲಿಯೂ ಆಗಬೇಕೆಂದು ಎರಡು ತಿಂಗಳಿಂದ ನಿಮಗೆ ಪತ್ರ ಬರೆಯುತ್ತಿದ್ದೇನೆ.

“ಅಕ್ಕಿ?” ಎಂದೆ.

“ಪಾಯಸ ಮಾಡಿದ್ವಿ ಆಂಟಿ.”

“ಕಾಯಿ?”

“ಅರ್ಧ ಪಾಯಸಕ್ಕೆ. ಇನ್ನರ್ಧ ರವಿ ಚಟ್ನಿ ಮಾಡಿದ್ರು.” ಆಮೇಲೆ ಹೆದರಿ, “ಉತ್ತುತ್ತಿ ಇನ್ನೂ ಇದೆ, ಐ ಸೇವ್ಡ್ ಇಟ್” ಎಂದಳು.

ಹೊಳೆಯ ಉಡಿಯನ್ನು ನನ್ನ ಮಗ ಚಟ್ನಿ ಮಾಡಿ ದೋಸೆಗೆ ಹಚ್ಚಿಕೊಂಡು ತಿಂದಿದ್ದಾನೆ. ನಾಲಿಗೆಯ ತುದಿಗೆ ಮಾತು ಬಂದಿತ್ತು: ಅದು ನಿನಗೆ ಕಳಿಸಿದ್ದಲ್ಲ. ಒಂದೇ ಮಾತು, ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ಅಷ್ಟರಲ್ಲಿ ಆಕೆ, “ಸಾರಿ, ಸ್ವಲ್ಪ ಕೂತ್ಕೋತೀನಿ” ಎಂದು ಕುರ್ಚಿಯ ಬೆನ್ನು ಹಿಡಿದಳು. ಕೂರುವಾಗ ಕೈ ಸೊಂಟಕ್ಕೆ ಹೋಯಿತು. ಮೂರು ಹೆತ್ತವಳು ನಾನು. ನೋಡಿದೆ. ಐದನೆಯ ತಿಂಗಳು ಇರಬೇಕು.

ಇಷ್ಟು ಪತ್ರ ಬರೆದಿರಿ. ಗಂಟೆಯ ವಿಷಯ ಬರೆದಿರಿ, ಫ್ರಿಜ್ಜಿನ ವಿಷಯ ಬರೆದಿರಿ. ಬಸುರಿ ಎಂಬ ಒಂದು ಮಾತು ಬರೆಯಲಿಲ್ಲ.

ನಾನು ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಆಗ ಕೊರಳಿಗೆ ಚೀಟಿ ಕಟ್ಟಿಕೊಂಡ ಒಬ್ಬ ಬಿಳಿಯ ಮುದುಕಿ ಪೆನ್ನು ಹಿಡಿದು ಬಂದಳು. ಮನೆಯವರ ಕುರ್ಚಿಯಲ್ಲಿ ಕೂರುವವರಿಗೆ ಹೆಸರಿನ ಚೀಟಿ ಬರೆಯಬೇಕಂತೆ. ನನ್ನ ಹೆಸರು ಒಂದೊಂದಾಗಿ ಅಕ್ಷರ ಹೇಳಿ ಬರೆಸಿದೆ, ಎದೆಗೆ ಅಂಟಿಸಿದಳು. ಆಮೇಲೆ ನಿಮ್ಮ ಮಗಳನ್ನು ತೋರಿಸಿ, ಈಕೆ ನಿಮಗೆ ಏನಾಗಬೇಕು ಎಂದಳು. ನಿಮ್ಮ ಮಗಳು ತಲೆಯೆತ್ತಿ ನನ್ನ ಮುಖ ನೋಡಿದಳು.

ಆಕೆಯ ಮೈಮೇಲೆ ನನ್ನ ಖಣವಿತ್ತು. ತಿಳಿದು ಕೊಟ್ಟೆನೋ ತಿಳಿಯದೆ ಕೊಟ್ಟೆನೋ, ಉಡಿಗೆ ಹಾಕಿದ್ದನ್ನು ಹಿಂದಕ್ಕೆ ಕೇಳುವ ಹೆಂಗಸು ನಮ್ಮ ಮನೆತನದಲ್ಲಿ ಹುಟ್ಟಿಲ್ಲ. ನನಗೆ ಬರುವ ಇಂಗ್ಲಿಷಿನಲ್ಲಿ, “ಡಾಟರ್ ಇನ್ ಲಾ. ರೈಟ್” ಎಂದೆ. ಮುದುಕಿ ಆಕೆಯ ಹೆಸರು ಕೇಳಿ ಅದನ್ನೂ ಸೇರಿಸಿ ಬರೆದಳು. ಚೀಟಿಯನ್ನು ನಾನೇ ತೆಗೆದುಕೊಂಡು ಸೆರಗಿಗೆ ಅಂಟಿಸಿದೆ, ಖಣಕ್ಕೆ ಅಂಟು ಹತ್ತಬಾರದೆಂದು.

ಪಾದ್ರಿ ಪ್ರಾರ್ಥನೆ ಮಾಡಿದರು. ಮುಳುಗಿದ ಊರಿನವರನ್ನು ಎದ್ದು ನಿಲ್ಲಲು ಹೇಳಿದರು. ಮುಂದಿನ ಸಾಲಿನಲ್ಲೇ ಕೂರಿಸಿದ್ದರು, ಅದನ್ನು ನೋಡಿ ಒಳ್ಳೆಯದೆನಿಸಿತು. ಚೀಟಿ ಬರೆದ ಮುದುಕಿಯೂ ಎದ್ದು ನಿಂತಳು. ನಾನು ಕೇಳಬೇಕೆಂದಿದ್ದುದೆಲ್ಲ ಅವಳನ್ನೇ ಕೇಳಬಹುದಿತ್ತು. ಭಾಷಣಗಳು ಉದ್ದವಾಗಿದ್ದವು, ಆ ವಿಷಯದಲ್ಲಿ ನಮ್ಮ ಕಡೆಗೂ ಇಲ್ಲಿಗೂ ವ್ಯತ್ಯಾಸವಿಲ್ಲ. ಕೊನೆಗೆ ಗುಂಡಿ ಒತ್ತಿದರು. ರವಿಯ ಬಾಗಿಲು ಮೇಲೆದ್ದಿತು. ಮಲಗಿದ್ದ ನೀರು ಅಷ್ಟು ಸದ್ದು ಮಾಡುತ್ತದೆಂದು ನಾನು ಎಣಿಸಿರಲಿಲ್ಲ. ನಿಮ್ಮ ಮಗಳು ಬೆಚ್ಚಿ ನನ್ನ ಕೈ ಹಿಡಿದಳು. ನಾನು ಬಿಡಿಸಿಕೊಳ್ಳಲಿಲ್ಲ.

ನನಗೆ ನಿಮ್ಮ ಮೇಲೆ ಕೋಪವಿದೆ. ಹೊಳೆಯ ಉಡಿಯನ್ನು ಮಗಳಿಗೆ ಯಾಕೆ ಕೊಟ್ಟಿರಿ? ಬಸುರಿಯ ಸುದ್ದಿ ನನ್ನಿಂದ ಯಾಕೆ ಮುಚ್ಚಿಟ್ಟಿರಿ? ಉತ್ತರ ಬರೆಯಿರಿ.

ರೇಣುಕಾದೇವಿ


ಆಲ್ಡಿ
29 ಅಕ್ಟೋಬರ್ 1997

ರೇಣುಕಾದೇವಿಯವರೇ,

ನಿಮ್ಮ ಪತ್ರವನ್ನು ನಿಂತುಕೊಂಡೇ ಓದಿದೆ. ಹೊಳೆಗೆ! ಅದು ಹೊಳೆಗೆ ಎಂದು ನನಗೆ ಕನಸಿನಲ್ಲೂ ಹೊಳೆಯಲಿಲ್ಲ. ಹೊಳೆಗೆ ಮೊರದಲ್ಲಿ ಕೊಡುತ್ತೇವೆ, ಅದೂ ಆಗದು ಎಂದು ನಾನೇ ಬರೆದಿದ್ದೆ. ನೀವೂ ಆ ಮಾತು ಬೇಡ ಎಂದಿರಿ. ಅದರ ಕೆಳಗೇ ಖಣ, ಅಕ್ಕಿ, ಕೊಬ್ಬರಿ, ಬಳೆ. ನಮ್ಮ ಕಡೆ ಇದನ್ನು ಮಡಿಲು ತುಂಬುವುದು ಅನ್ನುತ್ತೇವೆ, ತುಂಬುವುದು ಹೆಣ್ಣುಮಕ್ಕಳಿಗೆ. ಸಾಲದ್ದಕ್ಕೆ ಎರಡು ಮನೆ ಆಚೆಯ ಧಾರವಾಡದ ಉಷಾಳನ್ನು ಕೇಳಿದೆ. “ಅತ್ತಿ ಹಸರ ಖಣ ಕಳಸ್ಯಾರಂದ್ರ ಮತ್ತೇನ್ ಕೇಳ್ತೀರಿ? ಸೊಸಿ ಬಸರಿದ್ದದ್ದು ಗೊತ್ತಾಗೇತಿ, ಸಿಟ್ಟು ಇಳದೈತಿ” ಅಂದಳು. ನಾನು ನಂಬಿದೆ. ನಂಬಬೇಕೆಂದು ನನಗೆ ಆಸೆ ಇತ್ತು.

ಮಗಳನ್ನು ಕರೆಸಿ, ನೆಲದ ಮೇಲೆ ಮಣೆ ಹಾಕಿ ಕೂರಿಸಿ ಮಡಿಲು ತುಂಬಿದೆ. “ಅತ್ತೆ ಕಳಿಸಿದ್ದು” ಅಂದೆ. ಅವಳು ಆ ಅಕ್ಕಿಯನ್ನು ಸೆರಗಿನಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮೇಲೇಳಲಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಕೇಳಿ. ನೀವು ದೊಡ್ಡವರು, ಆದರೂ ಬರೆಯುತ್ತೇನೆ. ಜುಲೈನಲ್ಲೇ ಶ್ರಾವಣಿ ನನ್ನಿಂದ ಭಾಷೆ ತೆಗೆದುಕೊಂಡಿದ್ದಳು: “ಅಮ್ಮಾ, ಅವರು ನನ್ನ ಬಗ್ಗೆ ಕೇಳಿದ್ರೆ ಹೇಳು. ಕೇಳ್ದೆ ಇದ್ರೆ ಹೇಳ್ಬೇಡ.” ನೀವು ಹೊಳೆ ಗಂಡೋ ಹೆಣ್ಣೋ ಎಂದು ಕೇಳಿದಿರಿ. ಸತ್ತವರು ಯಾರ ಪಕ್ಕದಲ್ಲಿದ್ದಾರೆ ಎಂದು ಕೇಳಿದಿರಿ. ಗಂಟೆ ಎಲ್ಲಿ ಹೋಯಿತು ಎಂದು ಕೇಳಿದಿರಿ. ಪ್ರತಿ ಸಲ ಲಕೋಟೆ ಒಡೆದಾಗ, ನನ್ನ ಮಗಳು ಹೇಗಿದ್ದಾಳೆ ಎಂಬ ಒಂದು ಸಾಲು ಸಿಗಬಹುದೆಂದು ಕೊನೆಯವರೆಗೆ ಓದಿದೆ.

ತಪ್ಪು ನನ್ನದೂ ಇದೆ. ಬೇರೆ ಖಣ ತರಿಸಿಕೊಡುತ್ತೇನೆ. ಶ್ರಾವಣಿಗೂ ನಿಜ ಹೇಳಿಬಿಡುತ್ತೇನೆ. ಶನಿವಾರ ರಾತ್ರಿ ಅವಳು ಫೋನ್ ಮಾಡಿ, “ಅಮ್ಮಾ, ಶಿ ಸ್ಟಕ್ ಆನ್ ಮೈ ನೇಮ್ ಟ್ಯಾಗ್ ಹರ್‌ಸೆಲ್ಫ್” ಅಂತ ಎರಡೆರಡು ಸಲ ಹೇಳಿದಳು. ಆದರೂ ಸುಳ್ಳಿನ ಮೇಲೆ ಸಂಬಂಧ ನಿಲ್ಲಬಾರದು. ನೀವು ಹೇಳಿದಂತೆ ಮಾಡುತ್ತೇನೆ.

ಊರ್ಮಿಳಾ


ಸುವಾನಿ
6 ನವೆಂಬರ್ 1997

ಬೀಗಿತ್ತಿ ಊರ್ಮಿಳಾ ಅವರಿಗೆ,

ನಿಮ್ಮ ಪತ್ರ ಬಂದು ಮೂರು ದಿನವಾಯಿತು. ಖಾರವಾಗಿ ಬರೆದಿದ್ದೀರಿ. ಓದಿದೆ, ಮಡಚಿಟ್ಟೆ, ಮತ್ತೆ ತೆಗೆದು ಓದಿದೆ. ನನ್ನ ಎದುರು ಯಾರಾದರೂ ಹೀಗೆ ಮಾತಾಡಿ ಬಹಳ ವರ್ಷವಾಗಿತ್ತು.

ಬೇರೆ ಖಣ ತರಿಸುವುದು ಬೇಡ. ಶ್ರಾವಣಿಗೆ ಏನನ್ನೂ ಹೇಳಬೇಡಿ. ಸುಳ್ಳಿನ ಮೇಲೆ ನಿಲ್ಲಿಸಬಾರದು ಎಂದಿರಿ. ಇದರಲ್ಲಿ ಸುಳ್ಳು ಎಲ್ಲಿದೆ? ಕಳಿಸಿದವಳು ನಾನು, ತುಂಬಿದವರು ನೀವು, ಹಿಡಿದವಳು ಆಕೆ. ನಾನು ಮನಸ್ಸು ಮಾಡುವುದಕ್ಕೆ ಮೊದಲು ಪಾರ್ಸೆಲ್ ಹೋಯಿತು, ಅಷ್ಟೇ.

ಆ ದಿನ ಎಲ್ಲರೂ ಊಟಕ್ಕೆ ಹೋದಾಗ ನಾನು ಒಬ್ಬಳೇ ಅಣೆಕಟ್ಟಿನ ಮೇಲೆ ನಡೆದು ಹೋದೆ. ಕಾವಲಿನವನು ನೋಡುತ್ತಿದ್ದ. ನೀರಿಗೆ ಏನೂ ಹಾಕಲಿಲ್ಲ. ಅಂಚಿನ ಕಂಬಿ ಹಿಡಿದು ನಿಂತು ಹೊಳೆಗೆ ಹೇಳಿದೆ: ನಿನ್ನ ಉಡಿ ಸೊಸೆಗೆ ಹೋಯಿತವ್ವಾ, ಆಕೆ ಹೆತ್ತು ಎದ್ದ ಮೇಲೆ ಬಂದು ತಾನೇ ನಿನ್ನ ಉಡಿ ತುಂಬುತ್ತಾಳೆ, ಅಲ್ಲಿಯವರೆಗೆ ತಡೆದುಕೋ. ಈ ಮಾತನ್ನು ಸ್ಮಿತಾಳಿಗೂ ಹೇಳಿಲ್ಲ. ನಿಯಮದ ಮಾತು ಆಗ ನೋಡೋಣ, ನಿಮ್ಮ ಯಜಮಾನರಿಗೆ ಕಚೇರಿಯ ಹೆಂಗಸಿನ ಪರಿಚಯ ಹೇಗೂ ಇದೆ.

ಈಗ ಕೇಳುತ್ತೇನೆ. ಶ್ರಾವಣಿಗೆ ಊಟ ಸೇರುತ್ತದೆಯೇ? ಬೆಳಿಗ್ಗೆ ಬಾಯಿಗೆ ನೀರು ಬರುವುದು ನಿಂತಿತೇ? ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತಾಳೆ? ಜೋಳದ ರೊಟ್ಟಿ ತಿಂದು ಗೊತ್ತಿದೆಯೇ, ಇಲ್ಲದಿದ್ದರೆ ತೆಳ್ಳಗೆ ಬಡಿಯುತ್ತೇನೆ. ಕೆಲಸಕ್ಕೆ ಎಷ್ಟು ದೂರ ಕಾರು ನಡೆಸುತ್ತಾಳೆ? ಸಣ್ಣವಳಿದ್ದಾಗ ಯಾವುದಕ್ಕೆ ಹೆದರುತ್ತಿದ್ದಳು? ಒಂದನ್ನೂ ಬಿಡದೆ ಬರೆಯಿರಿ.

ಬರುವ ವಾರ ಶಾರ್ಲಟ್‌ನ ಬ್ಯಾಲಂಟೈನ್ ಬಡಾವಣೆಯ ಅವರ ಮನೆಗೆ ಹೋಗಿ ನಾಲ್ಕು ದಿನ ಇರಬೇಕೆಂದಿದ್ದೇನೆ. ರವಿ, “ಬಾ ಅವ್ವಾ, ಅದಕ್ಕ ಕೇಳೂದೇನೈತಿ” ಎನ್ನುತ್ತಾನೆ. ಕೇಳುವುದು ಇದೆ. ಅದು ಆಕೆಯ ಮನೆ. ನಾನು ಬಂದರೆ ಆಕೆಗೆ ಆದೀತೇ ಎಂದು ಶ್ರಾವಣಿಯನ್ನು ಕೇಳಿ ತಿಳಿಸಿ. ಆಕೆ ಹೂಂ ಎಂದ ಮೇಲೆಯೇ ಹೊರಡುತ್ತೇನೆ.

ನಿಮ್ಮ
ರೇಣುಕಾ